ಗೆಲುವು ಮೊದಲೇ ಗೊತ್ತಿದ್ದ ಮೇಲೆ ಜೆರ್ರಿ ಲಾಲರ್ ಹೇಗೆ ದೊಡ್ಡವರು?

ಅಮೆರಿಕದ ವೃತ್ತಿಪರ ಕುಸ್ತಿಯ ಬಗ್ಗೆ, ಅದರಲ್ಲೂ ಮೆಂಫಿಸ್ ನಗರದ ಜೆರ್ರಿ ಲಾಲರ್ ಅವರ ಬಗ್ಗೆ ಮಾತೆತ್ತಿದಾಗಲೆಲ್ಲ ನನಗೆ ಎದುರಾಗುವ ಪ್ರಶ್ನೆ ಒಂದೇ: ಯಾರು ಗೆಲ್ಲಬೇಕು, ಯಾರು ಸೋಲಬೇಕು ಎಂಬುದು ರಿಂಗ್ ಹತ್ತುವ ಮುನ್ನವೇ ತೀರ್ಮಾನವಾಗಿರುವಾಗ, ಅವರನ್ನು ದೊಡ್ಡ ಕುಸ್ತಿಪಟು ಎಂದು ಯಾವ ಆಧಾರದ ಮೇಲೆ ಹೇಳುತ್ತೀರಿ? ಪ್ರಶ್ನೆ ನ್ಯಾಯವಾದದ್ದೇ. ಫಲಿತಾಂಶ ಮೊದಲೇ ನಿಶ್ಚಯವಾಗಿರುತ್ತಿತ್ತು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಯಾರಿಂದಲೂ ನಿಶ್ಚಯಿಸಲಾಗದ ಸಂಗತಿಯೂ ಒಂದಿತ್ತು. ಮುಂದಿನ ಸೋಮವಾರ ಎಷ್ಟು ಜನ ಕೈಯಿಂದ ದುಡ್ಡು ಬಿಚ್ಚಿ ಟಿಕೆಟ್ ಕೊಳ್ಳುತ್ತಾರೆ ಎಂಬುದೇ ಆ ಸಂಗತಿ. ಲಾಲರ್ ಅವರ ನಿಜವಾದ ಸ್ಪರ್ಧೆ ನಡೆದದ್ದು ಟಿಕೆಟ್ ಕಿಟಕಿಯ ಮುಂದೆ.

ಇದು ಅರ್ಥವಾಗಬೇಕಾದರೆ ಅಂದಿನ ವ್ಯವಸ್ಥೆಯನ್ನು ಸ್ವಲ್ಪ ತಿಳಿಯಬೇಕು. 1948ರಲ್ಲಿ ಅಯೋವಾ ರಾಜ್ಯದ ವಾಟರ್‌ಲೂ ಎಂಬ ಊರಿನಲ್ಲಿ ಪಂದ್ಯಗಳನ್ನು ಏರ್ಪಡಿಸುವ ಕೆಲವು ಪ್ರೊಮೋಟರ್‌ಗಳು ಸೇರಿ ನ್ಯಾಷನಲ್ ರೆಸ್ಲಿಂಗ್ ಅಲಯನ್ಸ್ ಕಟ್ಟಿಕೊಂಡರು. ಒಬ್ಬರ ಸೀಮೆಗೆ ಇನ್ನೊಬ್ಬರು ಕಾಲಿಡಬಾರದೆಂಬ ಒಪ್ಪಂದದ ಮೇಲೆ ದೇಶ ಟೆರಿಟರಿಗಳಾಗಿ ಹಂಚಿಹೋಯಿತು. ಮೆಂಫಿಸ್ ಅಂತಹ ಒಂದು ಟೆರಿಟರಿಯ ಕೇಂದ್ರ. ಸೋಮವಾರ ಮೆಂಫಿಸ್, ಮಂಗಳವಾರ ಲೂಯಿವಿಲ್, ಬುಧವಾರ ಇವಾನ್ಸ್‌ವಿಲ್, ಹೀಗೆ ವಾರವಿಡೀ ಕಾರಿನಲ್ಲಿ ಓಡಾಟ. ಶನಿವಾರ ಬೆಳಿಗ್ಗೆ ಮತ್ತೆ ಮೆಂಫಿಸ್‌ನ ಟಿವಿ ಸ್ಟುಡಿಯೋದಲ್ಲಿ ನೇರ ಪ್ರಸಾರ. ಕುಸ್ತಿಪಟುವಿನ ಸಂಪಾದನೆ ಬಹುಮಟ್ಟಿಗೆ ಅಂದಿನ ಗೇಟ್ ಕಲೆಕ್ಷನ್‌ಗೆ ತಕ್ಕಂತೆ ಏರಿಳಿಯುತ್ತಿತ್ತು. ಊರೂರು ಅಲೆಯುವ ಚಾಂಪಿಯನ್‌ಗೆ ಒಂದೇ ಕಾಳಗವನ್ನು ಎಲ್ಲ ಊರುಗಳಲ್ಲೂ ತೋರಿಸುವ ಅನುಕೂಲವಿರುತ್ತದೆ. ಒಂದೇ ಸೀಮೆಯವನಿಗೆ ಅದಿಲ್ಲ, ಏಕೆಂದರೆ ಅವನ ಎದುರು ಕುಳಿತವರು ಕಳೆದ ವಾರವೂ ಅಲ್ಲೇ ಕುಳಿತಿದ್ದವರು. ಆದ್ದರಿಂದಲೇ ಬಹುತೇಕ ಕುಸ್ತಿಪಟುಗಳು ಕೆಲವು ತಿಂಗಳು ದುಡಿದು, ಜನರಿಗೆ ಬೇಸರ ಬರುವ ಮುನ್ನ ಬೇರೆ ಟೆರಿಟರಿಗೆ ಹೊರಡುತ್ತಿದ್ದರು. ಲಾಲರ್ ಹೊರಡಲಿಲ್ಲ.

1949ರಲ್ಲಿ ಮೆಂಫಿಸ್‌ನಲ್ಲೇ ಹುಟ್ಟಿದ ಅವರು ಮೊದಲಿಗೆ ಚಿತ್ರ ಬಿಡಿಸುವ ಹುಡುಗ. ಅವರು ಬರೆದ ಕುಸ್ತಿಪಟುಗಳ ಚಿತ್ರಗಳನ್ನು ಸ್ಥಳೀಯ ನಿರೂಪಕ ಲ್ಯಾನ್ಸ್ ರಸೆಲ್ ಟಿವಿಯಲ್ಲಿ ತೋರಿಸಿದ್ದೇ ಆ ಲೋಕಕ್ಕೆ ಅವರ ಪ್ರವೇಶ. 1970ರಲ್ಲಿ ರಿಂಗ್‌ಗೆ ಇಳಿದರು. 1974ರಲ್ಲಿ, ತಮ್ಮನ್ನು ಬೆಳೆಸಿದ ಜಾಕಿ ಫಾರ್ಗೋ ಅವರನ್ನೇ ಸೋಲಿಸಿ ‘ಕಿಂಗ್’ ಎನಿಸಿಕೊಂಡು ಕಿರೀಟ ಧರಿಸತೊಡಗಿದರು. ಆ ಸೋಲೂ ಮೊದಲೇ ನಿಶ್ಚಯವಾದದ್ದೇ. ಆದರೆ ಊರಿನ ಕಣ್ಮಣಿಯಾದ ಹಿರಿಯನೊಬ್ಬ ಎಲ್ಲರೆದುರು ಸೋತು ದಾರಿ ಬಿಟ್ಟುಕೊಡುವುದು ಈ ವೃತ್ತಿಯಲ್ಲಿ ಬಹಳ ದೊಡ್ಡ ಕೊಡುಗೆ, ಅದನ್ನು ಅಪಾತ್ರರಿಗೆ ಯಾರೂ ಕೊಡುವುದಿಲ್ಲ.

ಅವರ ಕೈಚಳಕಕ್ಕೆ ಒಂದೇ ಉದಾಹರಣೆ ಸಾಕು. ಲಾಲರ್ ಅವರದು ಹೇಳಿಕೊಳ್ಳುವಂತಹ ಮೈಕಟ್ಟಲ್ಲ, ಗಾಳಿಯಲ್ಲಿ ಹಾರುವ ಪಟ್ಟುಗಳೂ ಅವರಲ್ಲಿಲ್ಲ. ಕಾಳಗದ ಬಹುಪಾಲು ಸಮಯ ಅವರು ಹೊಡೆತ ತಿನ್ನುತ್ತಾರೆ, ಬೀಳುತ್ತಾರೆ, ಎದ್ದು ಮತ್ತೆ ಬೀಳುತ್ತಾರೆ. ಇನ್ನು ಮುಗಿಯಿತು ಎನ್ನುವಾಗ ನಿಂತಲ್ಲೇ ನಿಂತು, ಭುಜದ ಮೇಲಿನ ಉಡುಪಿನ ಪಟ್ಟಿಯನ್ನು ಮೆಲ್ಲನೆ ಕೆಳಗೆ ಜಾರಿಸುತ್ತಾರೆ. ಅಷ್ಟೇ. ಇನ್ನೂ ಒಂದು ಏಟೂ ಕೊಟ್ಟಿರುವುದಿಲ್ಲ, ಆದರೆ ಸಭಾಂಗಣವೆಲ್ಲ ಎದ್ದು ನಿಂತಿರುತ್ತದೆ. ಆಮೇಲೆ ಬರುವ ಗುದ್ದುಗಳೋ, ಎದುರಾಳಿಗೆ ಪೆಟ್ಟಾಗದಂತೆ ಅಷ್ಟು ನಂಬುವಂತೆ ಗುದ್ದಬಲ್ಲವರು ಇನ್ನೊಬ್ಬರಿಲ್ಲ ಎಂದು ಅದೇ ವೃತ್ತಿಯವರು ಹೇಳುವಂಥವು. ಕಡಿಮೆ ಮಾಡಿ ಹೆಚ್ಚು ಪಡೆಯುವ ಈ ಮಿತವ್ಯಯವೇ ಅವರನ್ನು ದಶಕಗಳ ಕಾಲ ಉಳಿಸಿತು ಎಂಬುದು ನನ್ನ ಎಣಿಕೆ.

ಇದು ಮೋಸವಲ್ಲವೇ ಎಂದು ಕೆಲವರು ಮುಂದುವರಿಸುತ್ತಾರೆ. ಕೀಚಕ ಸಾಯುತ್ತಾನೆಂದು ಗೊತ್ತಿದ್ದೂ ನಾವು ಬೆಳಗಿನವರೆಗೆ ಯಕ್ಷಗಾನ ನೋಡುವುದಿಲ್ಲವೇ ಎಂಬ ಸುಲಭ ಸಮಾಧಾನ ನನ್ನ ಬಳಿಯೂ ಇದೆ, ಆದರೆ ಅದು ಪೂರ್ತಿ ಸರಿಯಲ್ಲ. ಅಲ್ಲಿ ವೇಷ ವೇಷವೆಂದು ಎಲ್ಲರಿಗೂ ಗೊತ್ತು. ಮೆಂಫಿಸ್‌ನಲ್ಲಿ ಅದನ್ನು ಗುಟ್ಟಾಗಿ ಕಾಯುತ್ತಿದ್ದರು. ನಾಯಕರೂ ಖಳರೂ ಒಂದೇ ಕಾರಿನಲ್ಲಿ ಕಾಣಿಸಿಕೊಳ್ಳುವಂತಿರಲಿಲ್ಲ.

ಆ ಗುಟ್ಟು ಎಷ್ಟು ಬಿಗಿಯಾಗಿತ್ತು ಎಂಬುದಕ್ಕೆ ಆ್ಯಂಡಿ ಕಾಫ್‌ಮನ್ ಪ್ರಸಂಗವೇ ಸಾಕ್ಷಿ. ಟಿವಿ ಧಾರಾವಾಹಿಯಿಂದ ದೇಶಕ್ಕೆಲ್ಲ ಪರಿಚಿತರಾಗಿದ್ದ ಆ ಹಾಸ್ಯನಟ, ಹೆಂಗಸರೊಂದಿಗೆ ಮಾತ್ರ ಕುಸ್ತಿಯಾಡುವ ಚಾಂಪಿಯನ್ ತಾನೆಂದು ಮೆರೆಯುತ್ತ ಮೆಂಫಿಸ್‌ಗೆ ಬಂದರು. ಟಿವಿಯಲ್ಲಿ ಸೋಪು ಹಿಡಿದು, ಇದನ್ನು ಬಳಸುವುದು ಹೇಗೆಂದು ಆ ಊರಿನವರಿಗೇ ಪಾಠ ಹೇಳಿ ಎಲ್ಲರ ರಕ್ತ ಕುದಿಸಿದರು. 1982ರ ಏಪ್ರಿಲ್ 5ರಂದು ಮಿಡ್-ಸೌತ್ ಕೊಲಿಸಿಯಂನಲ್ಲಿ ಲಾಲರ್, ಕಾಫ್‌ಮನ್ ಅವರನ್ನು ತಲೆಕೆಳಗಾಗಿ ಎತ್ತಿ ಪೈಲ್‌ಡ್ರೈವರ್ ಪಟ್ಟಿನಿಂದ ಕುಕ್ಕಿದರು. ಆ ಪಟ್ಟು ಅಲ್ಲಿ ನಿಷಿದ್ಧವಾದ್ದರಿಂದ ಲಾಲರ್ ಅನರ್ಹರಾದರು, ದಾಖಲೆಯ ಪ್ರಕಾರ ಗೆದ್ದವರು ಕಾಫ್‌ಮನ್! ಫಲಿತಾಂಶವನ್ನೇ ಹಿಡಿದುಕೊಂಡು ವಾದಿಸುವವರಿಗೆ ನಾನು ಇದನ್ನು ನೆನಪಿಸುತ್ತೇನೆ. ಜುಲೈನಲ್ಲಿ ಡೇವಿಡ್ ಲೆಟರ್‌ಮನ್ ಅವರ ಕಾರ್ಯಕ್ರಮದಲ್ಲಿ, ಕುತ್ತಿಗೆಗೆ ಪಟ್ಟಿ ಕಟ್ಟಿಕೊಂಡೇ ಕುಳಿತಿದ್ದ ಕಾಫ್‌ಮನ್ ಅವರ ಕೆನ್ನೆಗೆ ಲಾಲರ್ ಬಾರಿಸಿದರು, ಅವರು ಕುರ್ಚಿಯಿಂದ ಉರುಳಿದರು. 1984ರಲ್ಲಿ ಕಾಫ್‌ಮನ್ ತೀರಿಕೊಂಡ ಮೇಲೂ, ಇಬ್ಬರೂ ಸೇರಿ ಹೂಡಿದ ಆಟ ಅದೆಂಬುದು ಎಷ್ಟೋ ವರ್ಷ ಹೊರಗೆ ಬರಲಿಲ್ಲ.

ಆದರೂ ನನ್ನ ಪಾಲಿಗೆ ಲಾಲರ್ ಅವರ ಶ್ರೇಷ್ಠ ರಾತ್ರಿ ಅದಲ್ಲ, 1987ರ ಏಪ್ರಿಲ್ 27. ಆಸ್ಟಿನ್ ಐಡಲ್ ವಿರುದ್ಧ ಪಂಜರದೊಳಗಿನ ಕಾಳಗ, ಸೋತವರ ತಲೆ ಬೋಳಿಸುವ ಪಂದ್ಯ. ರಿಂಗ್‌ನ ಕೆಳಗೆ ಅಡಗಿದ್ದ ಟಾಮಿ ರಿಚ್ ಹೊರಬಂದು ಐಡಲ್ ಜೊತೆಗೂಡಿದರು, ಲಾಲರ್ ಸೋತರು, ಕೂದಲು ಹೋಯಿತು, ಕೆರಳಿದ ಜನ ಪಂಜರದತ್ತ ನುಗ್ಗಿದರು. ಹದಿನೇಳು ವರ್ಷಗಳಿಂದ ವಾರವಾರ ನೋಡಿದ ಒಬ್ಬ ಮನುಷ್ಯನ ಕೂದಲಿಗಾಗಿ ಒಂದು ಊರು ಹಾಗೆ ಕೆರಳುವುದೆಂದರೆ ಸಣ್ಣ ಮಾತಲ್ಲ. ಅಲ್ಲದೆ ಲಾಲರ್ ಮೆಂಫಿಸ್‌ನ ಆ ಕುಸ್ತಿ ಸಂಸ್ಥೆಯ ಪಾಲುದಾರರೂ ಆಗಿದ್ದರು, ಬೇಕೆಂದರೆ ಎಂದೂ ಸೋಲದೆ ಇರಬಹುದಾಗಿತ್ತು. ಸದಾ ಗೆಲ್ಲುವವನನ್ನು ನೋಡಲು ಪ್ರತಿ ವಾರ ಯಾರೂ ಬರುವುದಿಲ್ಲ ಎಂಬುದು ಅವರಿಗೆ ತಿಳಿದಿತ್ತು.

ಅಷ್ಟರಲ್ಲಿ ವಿನ್ಸ್ ಮೆಕ್‌ಮಹೊನ್ ಅವರ ಕುಸ್ತಿ ಸಂಸ್ಥೆ ಡಬ್ಲ್ಯೂಡಬ್ಲ್ಯೂಎಫ್ (ಇಂದಿನ ಡಬ್ಲ್ಯೂಡಬ್ಲ್ಯೂಇ) ಗಡಿಗಳನ್ನು ಅಳಿಸಿ ದೇಶಾದ್ಯಂತ ಹರಡಿಕೊಂಡಿತ್ತು. ಟೆರಿಟರಿಗಳು ಒಂದೊಂದಾಗಿ ಮುಚ್ಚಿದವು. 1988ರ ಮೇ 9ರಂದು ಲಾಲರ್ ತಮ್ಮ ಊರಿನಲ್ಲೇ ಕರ್ಟ್ ಹೆನಿಗ್ ಅವರನ್ನು ಸೋಲಿಸಿ ಎಡಬ್ಲ್ಯೂಎ (ಅಮೆರಿಕನ್ ರೆಸ್ಲಿಂಗ್ ಅಸೋಸಿಯೇಷನ್) ಎಂಬ ಇನ್ನೊಂದು ಸಂಸ್ಥೆಯ ವಿಶ್ವ ಚಾಂಪಿಯನ್ ಆದರು, ಮರುವರ್ಷವೇ ಹಣಕಾಸಿನ ತಕರಾರಿನಲ್ಲಿ ಆ ಪಟ್ಟ ಕೈತಪ್ಪಿತು. 1992ರ ಕೊನೆಗೆ ಡಬ್ಲ್ಯೂಡಬ್ಲ್ಯೂಎಫ್ ಸೇರಿದರು. ನಮ್ಮಲ್ಲಿ ಕೇಬಲ್ ಟಿವಿ ನೋಡಿ ಬೆಳೆದವರಿಗೆ ಅವರು ಕಿರೀಟ ಹಾಕಿಕೊಂಡು ತಮಾಷೆಯ ಕಾಮೆಂಟರಿ ಹೇಳುವ ವ್ಯಕ್ತಿಯಾಗಿ ಮಾತ್ರ ಪರಿಚಿತರು. ಬಹುಶಃ ಈ ಪ್ರಶ್ನೆ ನನಗೆ ಅಷ್ಟು ಸಲ ಎದುರಾಗುವುದೂ ಅದೇ ಕಾರಣಕ್ಕೆ. 1999ರಲ್ಲಿ ಅವರು ಮೆಂಫಿಸ್‌ನ ಮೇಯರ್ ಹುದ್ದೆಗೆ ಸ್ಪರ್ಧಿಸಿ ಮೂರನೆಯವರಾದರು, ಅಂದರೆ ಫಲಿತಾಂಶ ಮೊದಲೇ ತೀರ್ಮಾನವಾಗದ ಸ್ಪರ್ಧೆಗೂ ಇಳಿದು ನೋಡಿದರು.

ಇಷ್ಟು ಹೇಳಿದ ಮೇಲೂ ನಂಬದವರಿಗೆ ಕಾಫ್‌ಮನ್ ಕಾಳಗವನ್ನು ನಾನು ಸೂಚಿಸುವುದಿಲ್ಲ. 1979ರ ಜೂನ್‌ನಲ್ಲಿ ಮಿಸಿಸಿಪ್ಪಿಯ ಟ್ಯುಪೆಲೊ ಎಂಬ ಸಣ್ಣ ಊರಿನಲ್ಲಿ ಲಾಲರ್ ಮತ್ತು ಬಿಲ್ ಡಂಡೀ, ವೇಯ್ನ್ ಫಾರಿಸ್ ಮತ್ತು ಲ್ಯಾರಿ ಲೇಥಮ್ ವಿರುದ್ಧ ಆಡಿದ ಪಂದ್ಯ ಮುಗಿದ ನಂತರ ತಿಂಡಿ ಮಾರುವ ಕಟ್ಟೆಯಲ್ಲಿ ನಡೆದ ಹೊಡೆದಾಟದ ಚಿತ್ರೀಕರಣವನ್ನು ನೋಡಿ ಎನ್ನುತ್ತೇನೆ. ಸಾಸಿವೆ ಸಾಸ್ ಜಾಡಿಗಳು ಹಾರುತ್ತವೆ, ನೆಲವೆಲ್ಲ ಜಾರುತ್ತದೆ, ಲ್ಯಾನ್ಸ್ ರಸೆಲ್ ಅವರ ದನಿ ಏರುತ್ತದೆ. ಯಾರು ಗೆದ್ದರು ಎಂದು ಕೇಳುವುದನ್ನು ನೋಡುಗರು ಅಷ್ಟರಲ್ಲಿ ಮರೆತಿರುತ್ತಾರೆ.