ಗಾಲೆ ಕೋಟೆಗೆ ಹೋದರೆ ಒಂದು ರಾತ್ರಿ ಒಳಗೇ ಉಳಿಯಿರಿ

ಶ್ರೀಲಂಕಾದ ಪ್ಯಾಕೇಜ್ ಟೂರುಗಳಲ್ಲಿ ಗಾಲೆ ಕೋಟೆಗೆ ಸಿಗುವುದು ಹೆಚ್ಚೆಂದರೆ ಎರಡು ಮೂರು ಗಂಟೆ. ಬೆಂಟೋಟ ಬೀಚಿನಿಂದ ಮಿರಿಸ್ಸಾ ಬೀಚಿಗೆ ಹೋಗುವ ದಾರಿಯಲ್ಲಿ ಬಸ್ಸು ನಿಲ್ಲಿಸುತ್ತಾರೆ. ಲೈಟ್‌ಹೌಸ್ ಮುಂದೆ ಫೋಟೊ, ಒಂದು ಐಸ್‌ಕ್ರೀಂ, ಮತ್ತೆ ಬಸ್ಸು. ನೀವೇ ಪ್ಲಾನ್ ಮಾಡಿಕೊಂಡು ಹೋಗುವವರಾದರೆ ದಯವಿಟ್ಟು ಹಾಗೆ ಮಾಡಬೇಡಿ. ಒಂದು ರಾತ್ರಿಯಾದರೂ ಕೋಟೆಯ ಒಳಗೆ ಉಳಿಯಿರಿ. ಇದು ಹಾಳುಬಿದ್ದ ಕೋಟೆಯಲ್ಲ. ಒಳಗೆ ಜನ ಸಂಸಾರ ಮಾಡಿಕೊಂಡಿದ್ದಾರೆ. ಮಸೀದಿ, ಚರ್ಚು, ಬೌದ್ಧ ವಿಹಾರ, ಶಾಲೆ, ದಿನಸಿ ಅಂಗಡಿ ಎಲ್ಲವೂ ಇವೆ. ಬೆಳಿಗ್ಗೆ ಬೇಗ ಎದ್ದು ಹೊರಟರೆ ಯೂನಿಫಾರ್ಮ್ ಹಾಕಿಕೊಂಡ ಮಕ್ಕಳು, ಬಾಗಿಲ ಮುಂದೆ ಗುಡಿಸುವವರು, ಬ್ರೆಡ್ ಮಾರುವ ತುಕ್‌ತುಕ್ ಕಾಣುತ್ತಾರೆ. ಹತ್ತು ಗಂಟೆಯ ಮೇಲೆ ಬೀದಿ ಪೂರ್ತಿ ನಮ್ಮಂಥ ಪ್ರವಾಸಿಗರದು.

ಬೆಂಗಳೂರಿನಿಂದ ಕೊಲಂಬೊಗೆ ನೇರ ವಿಮಾನವಿದೆ. ವೀಸಾ ನಿಯಮ ಆಗಾಗ ಬದಲಾಗುತ್ತದೆ, ಹಾಗಾಗಿ ಟಿಕೆಟ್ ಮಾಡುವ ಮೊದಲು ಅಲ್ಲಿನ ಸರ್ಕಾರದ ಇಟಿಎ (ಆನ್‌ಲೈನ್ ಪ್ರವೇಶ ಅನುಮತಿ) ತಾಣವನ್ನೇ ನೋಡಿಕೊಳ್ಳಿ. ಕೊಲಂಬೊದಿಂದ ಗಾಲೆಗೆ ಎಕ್ಸ್‌ಪ್ರೆಸ್‌ವೇ ಬಸ್ಸು ಬೇಗ ಮುಟ್ಟಿಸುತ್ತದೆ. ನನ್ನನ್ನು ಕೇಳಿದರೆ ರೈಲೇ ಸರಿ. ಕೊಲಂಬೊ ಫೋರ್ಟ್ ಎಂಬ ನಿಲ್ದಾಣದಿಂದ ಸುಮಾರು ಎರಡೂವರೆ ಗಂಟೆ. ಹೋಗುವಾಗ ಬಲಗಡೆ ಕೂರಿ, ತುಂಬಾ ಹೊತ್ತು ಸಮುದ್ರ ಹಳಿಯ ಪಕ್ಕದಲ್ಲೇ ಇರುತ್ತದೆ. ಆಫೀಸು ಬಿಡುವ ಹೊತ್ತಿನ ರೈಲು ಬೇಡ, ನಿಲ್ಲಲೂ ಜಾಗ ಇರುವುದಿಲ್ಲ. ಹಿಕ್ಕಡುವ ಬರುವ ಸ್ವಲ್ಪ ಮೊದಲು ಪೆರಾಲಿಯ ಸಿಗುತ್ತದೆ. 2004ರ ಸುನಾಮಿಯಲ್ಲಿ ಇಲ್ಲೇ ಒಂದು ಇಡೀ ರೈಲು ಅಲೆಗೆ ಸಿಕ್ಕಿ ಸಾವಿರಕ್ಕೂ ಹೆಚ್ಚು ಜನ ಸತ್ತರು. ಅಲ್ಲಿ ಸ್ಮಾರಕವಿದೆ. ಗಾಲೆ ಸ್ಟೇಷನ್‌ನಿಂದ ಕೋಟೆ ನಡೆದು ಹೋಗುವಷ್ಟು ಹತ್ತಿರ.

ಹವೆಯ ಲೆಕ್ಕದಲ್ಲಿ ಡಿಸೆಂಬರ್‌ನಿಂದ ಮಾರ್ಚ್ ಒಳ್ಳೆಯದು. ಮೇ, ಜೂನ್‌ನಲ್ಲಿ ಮುಂಗಾರು ಈ ಕರಾವಳಿಗೆ ನೇರವಾಗಿ ಬಡಿಯುತ್ತದೆ. ಅಕ್ಟೋಬರ್, ನವೆಂಬರ್‌ನಲ್ಲೂ ಮಳೆ ಜಾಸ್ತಿ.

ಕೋಟೆಯ ಒಳಗೆ ಹೋಗಲು ಟಿಕೆಟ್ ಇಲ್ಲ. ಎಲ್ಲರೂ ಗಡಿಯಾರದ ಗೋಪುರದ ಹತ್ತಿರದ ದೊಡ್ಡ ಬಾಗಿಲಿನಿಂದಲೇ ನುಗ್ಗುತ್ತಾರೆ. ಅದು 1873ರಲ್ಲಿ ಬ್ರಿಟಿಷರು ತೆರೆದದ್ದು. ನೀವು ಬಂದರಿನ ಕಡೆಯ ಹಳೆಯ ಬಾಗಿಲನ್ನೂ ಹುಡುಕಿಕೊಂಡು ಹೋಗಿ. ಹೊರಗಡೆ ಬ್ರಿಟಿಷ್ ಲಾಂಛನ ಇದೆ. ಒಳಕ್ಕೆ ದಾಟಿ ತಿರುಗಿ ನೋಡಿದರೆ ಡಚ್ ಈಸ್ಟ್ ಇಂಡಿಯಾ ಕಂಪನಿಯ ಲಾಂಛನ: ಎರಡು ಸಿಂಹ, ಮೇಲೊಂದು ಹುಂಜ, 1669 ಎಂಬ ಇಸವಿ. ಪೋರ್ಚುಗೀಸರು 1588ರಲ್ಲಿ ಕಟ್ಟಲು ಶುರು ಮಾಡಿದ ಕೋಟೆಯನ್ನು ಡಚ್ಚರು 1640ರಲ್ಲಿ ಗೆದ್ದರು, ಇಡೀ ಭೂಶಿರಕ್ಕೆ ಗೋಡೆ ಸುತ್ತಿಸಿದರು. 1796ರಲ್ಲಿ ಅದು ಬ್ರಿಟಿಷರ ಕೈಗೆ ಹೋಯಿತು. ಒಂದೇ ಬಾಗಿಲ ಎರಡು ಮುಖಗಳಲ್ಲಿ ಇದೆಲ್ಲ ಓದಲು ಸಿಗುತ್ತದೆ.

ಗೋಡೆಯ ಮೇಲಿನ ನಡಿಗೆಗೆ ಎರಡು ಗಂಟೆ ಇಟ್ಟುಕೊಳ್ಳಿ. ಸೂರ್ಯ ಹುಟ್ಟುವಾಗ ಇಲ್ಲವೇ ಸಂಜೆ ನಾಲ್ಕೂವರೆಯ ಮೇಲೆ ಹೋಗಿ. ಮಧ್ಯಾಹ್ನ ಗೋಡೆಯ ಮೇಲೆ ಒಂದು ಮರದ ನೆರಳೂ ಸಿಗುವುದಿಲ್ಲ. ನೆಲದ ಕಡೆ ಸೂರ್ಯ, ಚಂದ್ರ, ನಕ್ಷತ್ರ ಎಂಬ ಹೆಸರಿನ ಮೂರು ಕೊತ್ತಳಗಳಿವೆ. ಅಲ್ಲಿಂದ ಕೆಳಗೆ ಕಾಣುವುದೇ ಕ್ರಿಕೆಟ್ ಮೈದಾನ. 2010ರಲ್ಲಿ ಮುರಳೀಧರನ್ ಭಾರತದ ವಿರುದ್ಧ ತಮ್ಮ 800ನೇ ವಿಕೆಟ್ ತೆಗೆದದ್ದು ಇಲ್ಲೇ. ಸಮುದ್ರದ ಕಡೆ ತಿರುಗಿದರೆ ಕೊಲ್ಲಿಯ ಆಚೆ ರುಮಸ್ಸಲ ಗುಡ್ಡ ಕಾಣುತ್ತದೆ. ಹನುಮಂತ ಹೊತ್ತು ತಂದ ಸಂಜೀವಿನಿ ಬೆಟ್ಟದ ತುಂಡು ಅದು ಅಂತ ಅಲ್ಲಿಯವರ ನಂಬಿಕೆ. ಗೋಡೆಗೆ ಹೆಚ್ಚಿನ ಕಡೆ ಕಂಬಿ ಇಲ್ಲ, ಮಕ್ಕಳ ಕೈ ಬಿಡಬೇಡಿ. ಫ್ಲ್ಯಾಗ್ ರಾಕ್ ಎಂಬ ಕೊತ್ತಳದ ಹತ್ತಿರ ಹುಡುಗರು ಹಣ ಕೊಟ್ಟರೆ ಕೆಳಗಿನ ಬಂಡೆಗಳ ನಡುವಿನ ನೀರಿಗೆ ಹಾರಿ ತೋರಿಸುತ್ತೇವೆ ಅನ್ನುತ್ತಾರೆ. ದಯವಿಟ್ಟು ಹಣ ಕೊಡಬೇಡಿ. ಒಬ್ಬರ ಪ್ರಾಣದ ಜೊತೆ ಆಡುವ ಆಟ ಅದು.

ಸುನಾಮಿ ದಿನ ಈ ಗೋಡೆಯ ಬೆಲೆ ಗೊತ್ತಾಯಿತು. ಹೊರಗಿನ ಬಸ್ ನಿಲ್ದಾಣ, ಪೇಟೆ, ಕ್ರಿಕೆಟ್ ಮೈದಾನ ಎಲ್ಲ ನೀರಿನ ಪಾಲಾದವು. ಮೈದಾನದಲ್ಲಿ ಮತ್ತೆ ಟೆಸ್ಟ್ ನಡೆದದ್ದು 2007ರ ಡಿಸೆಂಬರ್‌ನಲ್ಲಿ. ಹವಳಗಲ್ಲು, ಕಾಡುಗಲ್ಲಿನ ಈ ದಪ್ಪ ಗೋಡೆಯ ಹಿಂದಿನ ಮನೆಗಳು ಬಹುಪಾಲು ಉಳಿದುಕೊಂಡವು. ನೆಲದ ಕೆಳಗೆ ಡಚ್ಚರು ಮಾಡಿದ ಚರಂಡಿ ವ್ಯವಸ್ಥೆಯೂ ಇದೆ. ಸಮುದ್ರದ ನೀರನ್ನೇ ಒಳಗೆ ಹರಿಸಿ ತೊಳೆಯುವ ಏರ್ಪಾಡು. ನೀರೆತ್ತಲು ಟ್ರೈಟನ್ ಕೊತ್ತಳದ ಮೇಲೆ ಗಾಳಿಗಿರಣಿ ಇತ್ತು.

ಇಷ್ಟು ಹಳೆಯ ಊರು ಇಷ್ಟು ಚೆನ್ನಾಗಿ ಉಳಿದದ್ದಕ್ಕೆ ಮುಖ್ಯ ಕಾರಣ ಬಡತನ ಅಂತ ನನಗೆ ಅನಿಸುತ್ತದೆ. 1870ರ ದಶಕದಲ್ಲಿ ಕೊಲಂಬೊದಲ್ಲಿ ಅಲೆತಡೆ ಕಟ್ಟಿ ದೊಡ್ಡ ಬಂದರು ಮಾಡಲು ಶುರುವಾಯಿತು. ಹಡಗುಗಳು ಅಲ್ಲಿಗೆ ಹೋದವು, ಅವುಗಳ ಹಿಂದೆ ಹಣವೂ ಹೋಯಿತು. ಗಾಲೆಯಲ್ಲಿ ಹಳೆಯ ಮನೆ ಕೆಡವಿ ಹೊಸದು ಕಟ್ಟುವ ಶಕ್ತಿ ಹೆಚ್ಚಿನವರಿಗೆ ಇರಲಿಲ್ಲ. 1988ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಈಗ ಹಣ ವಾಪಸ್ ಬಂದಿದೆ. ಕಷ್ಟ ಶುರುವಾಗಿರುವುದು ಅಲ್ಲಿಂದಲೇ.

ಲೇನ್ ಬಾನ್, ಪೆಡ್ಲರ್, ಚರ್ಚ್ ಸ್ಟ್ರೀಟ್‌ಗಳಲ್ಲಿ ನಡೆಯುವಾಗ ಇದನ್ನು ನೀವೇ ನೋಡಬಹುದು. ಮರದ ಕಂಬದ ಜಗಲಿ, ನಾಡಹೆಂಚಿನ ಸೂರು, ಒಳಗೆ ತೊಟ್ಟಿ. ನಮ್ಮ ಕಡೆಯ ತೊಟ್ಟಿಮನೆ ನೋಡಿದವರಿಗೆ ಹತ್ತಿರದ ಭಾವ ಬರುತ್ತದೆ. ಆದರೆ ಇಂಥ ಎಷ್ಟೋ ಮನೆಗಳು ಈಗ ಬುಟಿಕ್ ಹೋಟೆಲ್, ಒಡವೆ ಅಂಗಡಿ, ಕೆಫೆ. ಮುಂಭಾಗ ಚೆಂದವಾಗಿ ಉಳಿದಿದೆ, ಒಳಗಿದ್ದ ಕುಟುಂಬ ಹೊರಗೆ ಹೋಗಿದೆ. ಬೆಲೆ ಹಾಗೆ ಏರಿದರೆ ಮಾರದೆ ಏನು ಮಾಡುತ್ತಾರೆ, ಹೇಳಿ. ನಾವು ಉಳಿದುಕೊಂಡ ಮನೆಯ ಯಜಮಾನರು ಗೋಡೆಯ ಒಂದು ಮೂಲೆ ತೋರಿಸಿದರು. ಸುಣ್ಣದ ಗಾರೆ ಕಿತ್ತು ಸಿಮೆಂಟ್ ಮೆತ್ತಿದ ಜಾಗ ಅದು. ಹವಳಗಲ್ಲಿನ ಗೋಡೆ ಉಪ್ಪಿನ ತೇವವನ್ನು ಹೀರಿ, ಸುಣ್ಣದ ಮೂಲಕ ಹೊರಗೆ ಬಿಡುತ್ತದೆ. ಸಿಮೆಂಟ್ ಬಂದರೆ ತೇವ ಒಳಗೇ ಸಿಕ್ಕಿಕೊಂಡು ಗಾರೆ ಹೊಪ್ಪಳಿಕೆ ಏಳುತ್ತದೆ. ಸುಣ್ಣದ ಕೆಲಸ ಬಲ್ಲ ಮೇಸ್ತ್ರಿ ಸಿಗುವುದೇ ಕಷ್ಟ, ಪುರಾತತ್ವ ಇಲಾಖೆಯ ಅನುಮತಿಗೂ ಕಾಯಬೇಕು ಅಂದರು. ನಿಯಮ ಬೇಕೇ ಬೇಕು. ಜೊತೆಗೆ ಮನೆಯವರಿಗೆ ದುಡ್ಡಿನ, ಕೆಲಸಗಾರರ ಸಹಾಯವೂ ಸಿಗಬೇಕು. ಇಲ್ಲದಿದ್ದರೆ ಸಂರಕ್ಷಣೆಯ ಹೊರೆಯೆಲ್ಲ ಅಲ್ಲಿ ಬದುಕುವವರ ತಲೆ ಮೇಲೆ ಬೀಳುತ್ತದೆ.

ನಾವು ಮಾಡಬಹುದಾದದ್ದು ಇಷ್ಟು. ಕುಟುಂಬವೇ ನಡೆಸುವ ಮನೆಯಲ್ಲಿ ರೂಮು ಹಿಡಿಯಿರಿ. ಬುಕ್ ಮಾಡುವಾಗ ಮನೆಯವರು ಅಲ್ಲೇ ಇರುತ್ತಾರಾ ಅಂತ ಕೇಳಿ. ಗಾಳಿ ಆಡುವ ರೂಮು ಇದ್ದರೆ ಏಸಿ ಬೇಕೇ ಬೇಕು ಅಂತ ಹಟ ಹಿಡಿಯಬೇಡಿ. ಜಗಲಿ ಬೀದಿಗೆ ತೆರೆದಿದ್ದರೂ ಅದು ಅವರ ಮನೆ, ಕೇಳದೆ ಹತ್ತಿ ಕೂತು ಫೋಟೊ ತೆಗೆಸಿಕೊಳ್ಳಬೇಡಿ. ಲೈಟ್‌ಹೌಸ್ ಎದುರಿನ ಮಸೀದಿಯ ಹತ್ತಿರ ಹೋಗುವಾಗ ಮೈತುಂಬ ಬಟ್ಟೆ ಇರಲಿ. ಅಲ್ಲಿನ ಮುಸ್ಲಿಂ ಕುಟುಂಬಗಳಲ್ಲಿ ತಮಿಳು ಮಾತಾಡುವವರು ಹೆಚ್ಚು. ನಿಮಗೆ ಅಲ್ಪಸ್ವಲ್ಪ ತಮಿಳು ಬಂದರೂ ಮಾತು ಬೆಳೆಯುತ್ತದೆ. ಗೋಡೆಯ ಮೇಲೆ ‘ಡಚ್ ನಾಣ್ಯ’ ಮಾರುವವರಿಂದ ಏನೂ ಕೊಳ್ಳಬೇಡಿ. ನಕಲಿಯಾದರೆ ಹಣ ಹೋಯಿತು. ನಿಜವಾದದ್ದಾದರೆ ಅನುಮತಿ ಇಲ್ಲದೆ ದೇಶದಿಂದ ಹೊರಗೆ ಒಯ್ಯುವುದು ಅಪರಾಧ.

1755ರ ಡಚ್ ಚರ್ಚಿಗೆ ಅರ್ಧ ಗಂಟೆ ಕೊಡಿ. ನೆಲಕ್ಕೆ ಹಾಸಿರುವುದು ಗೋರಿಕಲ್ಲುಗಳು. ಕೆತ್ತನೆ ಸವೆಯುತ್ತಿದೆ, ಪಕ್ಕದಲ್ಲಿ ನಡೆಯಿರಿ. ಲೈಟ್‌ಹೌಸ್ 1939ರದು, ಮೇಲೆ ಹತ್ತಲು ಬಿಡುವುದಿಲ್ಲ.

ಸಸ್ಯಾಹಾರಿಗಳಿಗೆ ಒಂದು ಎಚ್ಚರಿಕೆ. ತೆಂಗಿನಕಾಯಿಯ ಪೋಲ್ ಸಂಬೋಲ್, ಕೆಲವು ತರಕಾರಿ ಪಲ್ಯಗಳಿಗೂ ಉಂಬಲಕಡ ಎಂಬ ಒಣಮೀನಿನ ಪುಡಿ ಹಾಕುತ್ತಾರೆ. ‘ವೆಜ್’ ಅಂದರೆ ಸಾಲದು, ಮೀನು ಇಲ್ಲವಲ್ಲ ಅಂತ ಬಿಡಿಸಿ ಕೇಳಿ. ಅನ್ನ, ಪರಿಪ್ಪು ಎಂಬ ಬೇಳೆ ಸಾರು, ಇಡಿಯಪ್ಪ ಸುಲಭವಾಗಿ ಸಿಗುತ್ತವೆ. ಎಮ್ಮೆ ಮೊಸರಿಗೆ ಬೈನೆ ಮರದ ಪಾಕ ಹಾಕಿ ಕೊಡುತ್ತಾರೆ, ಅದನ್ನು ಬಿಡಬೇಡಿ. ಕೋಟೆಯ ಒಳಗೆ ಊಟ ದುಬಾರಿ. ಹೊರಗೆ ಪೇಟೆಯಲ್ಲಿ ಅದೇ ಊಟ ಬಹಳ ಕಡಿಮೆಗೆ ಆಗುತ್ತದೆ.

ವಾಪಸ್ ಕೊಲಂಬೊದಲ್ಲಿ ಅರ್ಧ ದಿನ ಸಿಕ್ಕರೆ ನ್ಯಾಷನಲ್ ಮ್ಯೂಸಿಯಂಗೆ ಹೋಗಿ, ಗಾಲೆಯ ತ್ರಿಭಾಷಾ ಶಾಸನ ಎಲ್ಲಿದೆ ಅಂತ ಕೇಳಿ. ಚೀನಾದ ನೌಕಾಧಿಪತಿ ಝೆಂಗ್ ಹೆ ತರಿಸಿದ, 1409ರ ಕಲ್ಲು. ಚೀನೀ ಭಾಷೆಯಲ್ಲಿ ಬುದ್ಧನಿಗೆ, ತಮಿಳಿನಲ್ಲಿ ತೇನಾವರೈ ನಾಯನಾರ್ ಎಂಬ ದೇವರಿಗೆ, ಪರ್ಷಿಯನ್‌ನಲ್ಲಿ ಇಸ್ಲಾಮಿನ ಹೆಸರಿನಲ್ಲಿ ಕಾಣಿಕೆಗಳ ಪಟ್ಟಿ ಇದೆ. 1911ರಲ್ಲಿ ಗಾಲೆಯಲ್ಲಿ ಒಬ್ಬ ಎಂಜಿನಿಯರ್ ಕಣ್ಣಿಗೆ ಬಿದ್ದಾಗ ಅದು ಒಂದು ಮೋರಿಯ ಮೇಲಿನ ಚಪ್ಪಡಿಯಾಗಿತ್ತು. ಮ್ಯೂಸಿಯಂ ರಜೆಯ ದಿನ ಮೊದಲೇ ವಿಚಾರಿಸಿಕೊಂಡು, ವಿಮಾನದ ಹಿಂದಿನ ದಿನಕ್ಕೇ ಇದನ್ನು ಇಟ್ಟುಕೊಳ್ಳಿ. ಏರ್‌ಪೋರ್ಟ್ ಇರುವುದು ಊರಿಂದ ಮೂವತ್ತು ಕಿಲೋಮೀಟರ್ ಆಚೆ, ಕಟುನಾಯಕದಲ್ಲಿ.