ಹುಡುಗ ನಡೀತಾನೆ, ಹಾರ್ತಾನೆ, ಆಮೇಲೇನು?

ತಿಂಗಳಿಗೆ ಒಂದೆರಡು ಸಲವಾದರೂ ಈ ಪ್ರಶ್ನೆ ಬರುತ್ತದೆ. ಕಾಲೇಜು ಹುಡುಗರು ಕೇಳುತ್ತಾರೆ. ಆಫೀಸು ಮುಗಿಸಿ ರಾತ್ರಿ ಗೇಮ್ ಮಾಡಲು ಕೂರುವವರು ಕೇಳುತ್ತಾರೆ. ಮೊನ್ನೆ ಒಂದು ಮದುವೆ ಮನೆಯಲ್ಲಿ ಊಟದ ಪಂಕ್ತಿಯಲ್ಲಿ ಪಕ್ಕ ಕೂತಿದ್ದ ಹುಡುಗಿ ಕೇಳಿದಳು. "ಅಣ್ಣಾ, ನನ್ನ ಮೊದಲ ಗೇಮ್ ಮಾಡ್ತಿದೀನಿ. ಏನೂ ಹೊಳೀತಿಲ್ಲ. ನಿಮಗೂ ಹೀಗಾಗಿತ್ತಾ? ಏನ್ ಮಾಡಿದ್ರಿ?" ಅಷ್ಟರಲ್ಲಿ ಪಾಯಸ ಬಂತು, ಮಾತು ಅಲ್ಲಿಗೇ ನಿಂತಿತು. ಅವಳಿಗೆ ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಆಗಿತ್ತು. ನಾಲ್ಕು ತಿಂಗಳು ಹಾಗೇ ಇತ್ತು.

ಹೀಗೆ ಕೇಳಿದವರಿಗೆ ನಾನು ತಿರುಗಿ ಒಂದು ಪ್ರಶ್ನೆ ಕೇಳುತ್ತೇನೆ. ಈಗ ಎಲ್ಲಿವರೆಗೆ ಬಂದಿದೆ? ಉತ್ತರ ಹೆಚ್ಚುಕಮ್ಮಿ ಒಂದೇ. "ಹುಡುಗ ನಡೀತಾನೆ, ಹಾರ್ತಾನೆ. ಆಮೇಲೇನು ಅಂತ ಗೊತ್ತಾಗ್ತಿಲ್ಲ." ಐಡಿಯಾನೇ ಇಲ್ಲದೆ ಬಂದವರನ್ನು ನಾನು ನೋಡಿದ್ದು ಕಡಿಮೆ. ಎಲ್ಲರ ಹತ್ತಿರವೂ ಐಡಿಯಾ ಇರುತ್ತದೆ, ಬೇಕಾದ್ದಕ್ಕಿಂತ ಜಾಸ್ತಿಯೇ ಇರುತ್ತದೆ. ನಡೆಸುವುದು, ಹಾರಿಸುವುದು ಯೂಟ್ಯೂಬ್ ನೋಡಿದರೆ ಬರುತ್ತದೆ. ವೀಡಿಯೊ ಅಲ್ಲಿಗೆ ಮುಗಿಯುತ್ತದೆ. ಅಲ್ಲಿಂದ ಮುಂದಿನದು ನಮ್ಮದೇ ಆಟ, ಅದಕ್ಕೆ ವೀಡಿಯೊ ಇಲ್ಲ. ಬಹಳ ಜನ ನಿಲ್ಲುವುದು ಅಲ್ಲೇ.

ನಾನು ಮಾಡಲು ಹೊರಟಿದ್ದು ಮಲೆನಾಡಿನ ಒಬ್ಬ ಪಾಳೇಗಾರನ ಕತೆ. ಹನ್ನೆರಡು ಲೆವೆಲ್, ಎರಡು ಕೋಟೆ, ಕುದುರೆ, ಮಳೆಗಾಲದ ಯುದ್ಧ. ನೋಟ್‌ಬುಕ್ಕಿನಲ್ಲಿ ಎಂಬತ್ತು ಪುಟ ತುಂಬಿತ್ತು. ಕೋಟೆಯ ನಕ್ಷೆ ಇತ್ತು, ಕುದುರೆಗಳಿಗೆ ಹೆಸರೂ ಇತ್ತು. ಸ್ಕ್ರೀನ್ ಮೇಲೆ ಮಾತ್ರ ಕಂದು ನೆಲದ ಮೇಲೆ ಒಬ್ಬ ಹುಡುಗ ಆ ಕಡೆಯಿಂದ ಈ ಕಡೆ ನಡೆಯುತ್ತಿದ್ದ. ರಾತ್ರಿ ಲ್ಯಾಪ್‌ಟಾಪ್ ತೆಗೆಯುತ್ತಿದ್ದೆ. ಅವನ ಅಂಗಿಯ ಬಣ್ಣ ಬದಲಿಸುತ್ತಿದ್ದೆ. ಮುಚ್ಚಿಡುತ್ತಿದ್ದೆ. ನನಗೆ ಕಲ್ಪನೆಯೇ ಇಲ್ಲ, ಈ ಕೆಲಸ ನನ್ನದಲ್ಲ ಅಂತ ನಿಜವಾಗಿ ನಂಬಿಬಿಟ್ಟಿದ್ದೆ.

ಆ ಜುಲೈಯಲ್ಲಿ ತೀರ್ಥಹಳ್ಳಿ ಹತ್ತಿರದ ನಮ್ಮೂರಿಗೆ ಹೋದೆ. ಮಳೆ ಹಿಡಿದಿತ್ತು, ಎರಡು ದಿನ ಕರೆಂಟ್ ಇಲ್ಲ. ಲ್ಯಾಪ್‌ಟಾಪ್ ಸತ್ತುಹೋಯಿತು. ಅಕ್ಕನ ಮಗಳಿಗೆ ಆಗ ಎಂಟು ವರ್ಷ. ಇಬ್ಬರೂ ಜಗಲಿ ಮೇಲೆ ಸೀಮೆಸುಣ್ಣದಲ್ಲಿ ಹುಲಿ-ಕುರಿ ಆಟದ ಮನೆ ಬರೆದೆವು. ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಮ್ಮ ಮನೆ ಲೆಕ್ಕದಲ್ಲಿ ಮೂರು ಹುಲಿ, ಹದಿನೈದು ಕುರಿ. ಹುಲಿಗೆ ಅಡಿಕೆ, ಕುರಿಗೆ ಹುಣಸೆ ಬೀಜ. ಗೆರೆಗಳು ಕೂಡುವ ಜಾಗದಲ್ಲಿ ಕಾಯಿ ಕೂರುತ್ತದೆ. ಹುಲಿ ಕುರಿಯ ಮೇಲೆ ಹಾರಿ ಅದನ್ನು ತಿನ್ನುತ್ತದೆ. ಕುರಿ ಯಾರನ್ನೂ ತಿನ್ನುವುದಿಲ್ಲ. ಅದು ಮಾಡುವುದು ಒಂದೇ, ಎಲ್ಲ ಸೇರಿ ಹುಲಿಗೆ ದಾರಿ ಕಟ್ಟುವುದು.

ಕುರಿ ಕಡೆ ಅವಳಿದ್ದಳು. ಮೂರು ಆಟ ಸೋತಳು. ನಾಲ್ಕನೇ ಸಲ ಒಂದು ಹುಣಸೆ ಬೀಜಕ್ಕೆ ಸುಣ್ಣ ಬಳಿದು, "ಮಾಮ, ಈ ಕುರಿಗೆ ಕೊಂಬಿದೆ. ಇದನ್ನ ಹುಲಿ ತಿನ್ನಂಗಿಲ್ಲ" ಅಂದಳು. ಸರಿ ಅಂದೆ. ಅವಳು ಗೆದ್ದಳು. ಕಡೆ ಬದಲಿಸಿ ಅವಳು ಹುಲಿಯಾದಳು, ಕೊಂಬಿನ ಕುರಿ ನನಗೆ ಬಂತು. ಐದು ನಿಮಿಷಕ್ಕೆ "ಇದು ಮೋಸ, ಆಟವೇ ಆಗಲ್ಲ" ಅಂತ ಅವಳೇ ನಿಲ್ಲಿಸಿದಳು. ಸ್ವಲ್ಪ ಹೊತ್ತು ಯೋಚಿಸಿ ಇನ್ನೊಂದು ನಿಯಮ ತಂದಳು. ಹುಲಿ ಒಂದು ಸಲ ಹಾರಿದರೆ ಕೊಂಬು ಮುರಿಯುತ್ತದೆ, ಕುರಿ ಸಾಯುವುದಿಲ್ಲ. ಎರಡನೇ ಸಲ ಹಾರಿದರೆ ಸಾಯುತ್ತದೆ. ಆ ಆಟ ಕತ್ತಲಾಗುವ ತನಕ ನಡೆಯಿತು. ಕೊನೆಗೆ ಇಬ್ಬರೂ ಉಸಿರು ಬಿಗಿಹಿಡಿದು ಕೂತಿದ್ದೆವು.

ಒಂದು ಮಧ್ಯಾಹ್ನದಲ್ಲಿ ಅವಳು ಒಂದೇ ಆಟವನ್ನು ಮೂರು ರೀತಿ ಆಡಿ ನೋಡಿದ್ದಳು. ನಾಲ್ಕು ತಿಂಗಳಲ್ಲಿ ನಾನು ಒಂದು ಸಲವೂ ಆಡಿರಲಿಲ್ಲ. ಆಡಲು ಅಲ್ಲಿ ಏನೂ ಇರಲಿಲ್ಲ. ಎಂಬತ್ತು ಪುಟದಲ್ಲಿ ಆಡುವವರ ಬೆರಳು ಏನು ಮಾಡುತ್ತದೆ ಅಂತ ಬರೆದ ಒಂದು ಸಾಲೂ ಇರಲಿಲ್ಲ ಅಂತ ಆ ರಾತ್ರಿ ಗೊತ್ತಾಯಿತು.

ಹಾಗಾಗಿ ಆ ಹುಡುಗಿಗೆ, ಉಳಿದವರಿಗೆ ನನ್ನ ಉತ್ತರ ಇದು. ನಿಮ್ಮ ತಲೆ ಖಾಲಿಯಾಗಿಲ್ಲ. ಇರುವುದನ್ನು ಇನ್ನೂ ಯಾರೂ ಆಡಿಲ್ಲ, ನೀವೂ ಆಡಿಲ್ಲ. ಆಟದ ಮುಂದಿನ ಐಡಿಯಾ ಕೂತು ಯೋಚಿಸಿದರೆ ಬರುವುದು ಕಡಿಮೆ. ಆಡುವಾಗ ಏನೋ ಸರಿಯಾಗುವುದಿಲ್ಲ ನೋಡಿ, ಅದನ್ನು ಸರಿಮಾಡಲು ಹೋದಾಗ ಬರುತ್ತದೆ.

ಟೆಟ್ರಿಸ್ ಎಲ್ಲರಿಗೂ ಗೊತ್ತು, ಮೇಲಿಂದ ಬೀಳುವ ತುಂಡುಗಳನ್ನು ಜೋಡಿಸಿ ಸಾಲು ತುಂಬಿಸುವ ಆಟ. 1984ರಲ್ಲಿ ಮಾಸ್ಕೋದಲ್ಲಿ ಅಲೆಕ್ಸಿ ಪಾಜಿಟ್ನೋವ್ ಅದನ್ನು ಮಾಡಿದರು. ಅವರ ಎಲೆಕ್ಟ್ರೋನಿಕಾ 60 ಕಂಪ್ಯೂಟರಿನಲ್ಲಿ ಚಿತ್ರ ಬರೆಯುವ ಸೌಕರ್ಯವೇ ಇರಲಿಲ್ಲ. ಬ್ರಾಕೆಟ್ ಚಿಹ್ನೆಗಳನ್ನು ಜೋಡಿಸಿ ಚೌಕ ಮಾಡಿದರು. ಅವರಿಗೆ ಇಷ್ಟವಾಗಿದ್ದ ಒಗಟಿನಲ್ಲಿ ಐದು ಚೌಕದ ಹನ್ನೆರಡು ತುಂಡುಗಳಿದ್ದವು. ಅಷ್ಟು ಜಾಸ್ತಿಯಾಯಿತು ಅಂತ ನಾಲ್ಕು ಚೌಕದ ಏಳು ತುಂಡಿಗೆ ಇಳಿಸಿದರು. ತುಂಡು ಬೀಳಲು ಶುರುವಾದರೆ ನೋಡನೋಡುತ್ತ ಸ್ಕ್ರೀನ್ ತುಂಬಿಬಿಡುತ್ತಿತ್ತು. ಆಗ, ತುಂಬಿದ ಸಾಲು ಸುಮ್ನೆ ಜಾಗ ತಿನ್ನುತ್ತಿದೆಯಲ್ಲ, ಅದನ್ನು ಅಳಿಸಿಬಿಡೋಣ ಅಂತ ಮಾಡಿದರು. ನಾವು ಟೆಟ್ರಿಸ್ ಅಂದರೆ ನೆನೆಯುವುದೇ ಆ ಸಾಲು ಮಾಯವಾಗುವುದನ್ನು, ಅಲ್ವಾ? ಅದು ಹುಟ್ಟಿದ್ದು ಸ್ಕ್ರೀನ್ ತುಂಬಿಹೋಗಿದ್ದರಿಂದ.

1978ರ ಸ್ಪೇಸ್ ಇನ್ವೇಡರ್ಸ್ ಕೂಡ ಹಾಗೇ. ಮೇಲಿಂದ ಸಾಲಾಗಿ ಇಳಿದು ಬರುವ ಶತ್ರುಗಳನ್ನು ಗುಂಡು ಹೊಡೆದು ಉರುಳಿಸುವ ಆಟ ಅದು. ಶತ್ರುಗಳು ಸಾಯುತ್ತ ಕಡಿಮೆಯಾದ ಹಾಗೆ ಉಳಿದವರು ಜೋರಾಗಿ ಓಡುತ್ತಾರೆ. ಚಿತ್ರಗಳು ಕಡಿಮೆಯಾದರೆ ಯಂತ್ರದ ಹೊರೆ ಇಳಿಯುತ್ತಿತ್ತು, ಅದಕ್ಕೆ ವೇಗ ಹೆಚ್ಚುತ್ತಿತ್ತು. ಅದನ್ನು ಮಾಡಿದ ತೊಮೊಹಿರೊ ನಿಶಿಕಾಡೊ ಆ ವೇಗವನ್ನು ಹಾಗೇ ಉಳಿಸಿಕೊಂಡರು. ಇದನ್ನು ಓದಿದಾಗಲೆಲ್ಲ ನನಗೆ ಧೈರ್ಯ ಬರುತ್ತದೆ.

ಊರಿಂದ ಬಂದವನು ಪಾಳೇಗಾರನ ನೋಟ್‌ಬುಕ್ಕನ್ನು ಕಪಾಟಿನಲ್ಲಿಟ್ಟೆ. ಒಂದು ಹಾಳೆ ತೆಗೆದು ಒಂದೇ ಸಾಲು ಬರೆದೆ: "ಹುಡುಗ ಸಂಕ ದಾಟುತ್ತಾನೆ." ನಮ್ಮೂರ ಹಳ್ಳಕ್ಕೆ ಎರಡು ಅಡಿಕೆ ಮರದ ದಿಂಡು ಹಾಕಿದ ಸಂಕವಿದೆ. ಮಳೆಗಾಲದಲ್ಲಿ ಪಾಚಿ ಕಟ್ಟಿ ಜಾರುತ್ತದೆ. ಒಂದು ವಾರ ಟೈಮ್ ಕೊಟ್ಟುಕೊಂಡೆ. ಹುಡುಗ, ಸಂಕ ಎಲ್ಲ ಬರೀ ಚೌಕಗಳು. ಹುಡುಗ ತಾನಾಗಿ ಮುಂದೆ ನಡೆಯುತ್ತಾನೆ, ಎಡಕ್ಕೋ ಬಲಕ್ಕೋ ವಾಲುತ್ತಾನೆ. ಆಡುವವರು ಎದುರು ಕಡೆ ಒತ್ತಿ ಅವನನ್ನು ನೆಟ್ಟಗೆ ನಿಲ್ಲಿಸಬೇಕು. ಇಷ್ಟೇ.

ವಾಲುವ ವೇಗಕ್ಕೆ 2 ಇಟ್ಟೆ, ನಿದ್ದೆ ಬಂತು. 9 ಇಟ್ಟೆ, ಕಾಲಿಟ್ಟ ಕೂಡಲೇ ಬಿದ್ದ. 5ಕ್ಕೆ ತಂದಾಗ ಕೈ ಬೆವರಿತು. ಆ 5ರಲ್ಲೂ ನಡುವೆ ಬಂದಾಗ ಸುಲಭ ಅನ್ನಿಸುತ್ತಿತ್ತು. ಸಂಕದ ನಡುಭಾಗ ಕುಣಿಯುತ್ತದೆ ಅಂತ ನೆನಪಾಯಿತು, ಅಲ್ಲಿ ಮಾತ್ರ 6 ಮಾಡಿದೆ. ಬಗಲಲ್ಲಿ ಶಾಲೆ ಚೀಲ ಇದ್ದರೆ ಒಂದು ಕಡೆ ಜಾಸ್ತಿ ವಾಲುತ್ತಾನಲ್ಲ? ಚೀಲ ಬಂತು. ಕೊಡೆ ಬಂತು, ಕೊಡೆ ಬಂದಮೇಲೆ ಗಾಳಿ ಬೇಕಾಯಿತು. ಮೂರನೇ ದಿನಕ್ಕೆ ಐಡಿಯಾಗಳನ್ನು ಬರೆದಿಡಲು ಹಾಳೆ ಸಾಲಲಿಲ್ಲ.

ಎಂಜಿನ್, ಅಂದರೆ ಗೇಮ್ ಕಟ್ಟಲು ಬಳಸುವ ಸಾಫ್ಟ್‌ವೇರ್, ಯಾವುದು ಅಂತಲೂ ಕೇಳುತ್ತಾರೆ. ನಾನು ಬಳಸುವುದು ಗೊಡೊ. ದುಡ್ಡು ಕೊಡಬೇಕಿಲ್ಲ. 2023ರಲ್ಲಿ ಬಂದ ನಾಲ್ಕನೇ ಆವೃತ್ತಿಯಿಂದ ಕನ್ನಡದ ಒತ್ತಕ್ಷರಗಳೂ ಮುರಿಯದೆ ಸರಿಯಾಗಿ ಮೂಡುತ್ತವೆ, ಇದು ನಮಗೆ ಸಣ್ಣ ವಿಷಯ ಅಲ್ಲ. ನಿಮಗೆ ಬೇರೆ ಯಾವುದು ಗೊತ್ತಿದ್ದರೂ ಆದೀತು. ಎಂಜಿನ್ ಹೋಲಿಸುತ್ತ ತಿಂಗಳು ಕಳೆಯಬೇಡಿ. ಎಂಜಿನ್ ಬೇಡವೇ ಬೇಡ ಅಂದರೂ ಕಾಗದ, ಹುಣಸೆ ಬೀಜ ಸಾಕು.

ದೊಡ್ಡ ಗೇಮ್‌ಗಳಿಗೆ ಹೋಲಿಸಿಕೊಂಡು ಎದೆಗುಂದುವವರಿಗೆ ಸೆಲೆಸ್ಟ್ ವಿಷಯ ಹೇಳುತ್ತೇನೆ. 2018ರಲ್ಲಿ ಬಂದ ಆ ಹೆಸರುವಾಸಿ ಗೇಮ್ ಮೊದಲು ಹುಟ್ಟಿದ್ದು ಪಿಕೊ-8 ಅನ್ನುವ, ಪುಟ್ಟ ಆಟ ಮಾಡುವ ಸಾಫ್ಟ್‌ವೇರಿನಲ್ಲಿ, ಇಬ್ಬರು ಸೇರಿ ನಾಲ್ಕು ದಿನದಲ್ಲಿ ಮಾಡಿದ ಆಟವಾಗಿ. ಪಿಕೊ-8ರ ಸ್ಕ್ರೀನ್ 128ಕ್ಕೆ 128 ಪಿಕ್ಸೆಲ್, ಬಣ್ಣ ಹದಿನಾರು. ಜಾಗ ಅಷ್ಟೇ ಇದ್ದಾಗ ಕುದುರೆಗೆ ಹೆಸರಿಡುತ್ತ ಕೂರಲು ಆಗುವುದಿಲ್ಲ.

ಇನ್ನೊಂದು ಮಾತು, ಇದು ಎಲ್ಲಕ್ಕಿಂತ ಕಷ್ಟದ್ದು. ಆಟ ಅರೆಬರೆ ಇರುವಾಗಲೇ ಬೇರೆಯವರ ಕೈಗೆ ಕೊಡಿ. ಕೊಟ್ಟು ಬಾಯಿ ಮುಚ್ಚಿ ಕೂರಿ. "ಅಲ್ಲಿ ಒತ್ತು", "ಅದು ಇನ್ನೂ ಮುಗಿದಿಲ್ಲ" ಅನ್ನಬೇಡಿ. ಅವರ ಬೆರಳು ನೋಡಿ. ಎಲ್ಲಿ ನಿಂತಿತು, ಎಲ್ಲಿ ಒಂದೇ ಕಡೆ ಮತ್ತೆ ಮತ್ತೆ ಒತ್ತಿತು, ಎಲ್ಲಿ ನಗು ಬಂತು, ಅಷ್ಟನ್ನು ಬರೆದುಕೊಳ್ಳಿ. ಹೇಗಿದೆ ಅಂತ ಕೇಳಿದರೆ ಎಲ್ಲರೂ ಚೆನ್ನಾಗಿದೆ ಅಂತಾರೆ. ಬೆರಳು ಹಾಗೆ ಹೇಳುವುದಿಲ್ಲ.

ದೀಪಾವಳಿಗೆ ಊರಿಗೆ ಹೋದಾಗ ಅಕ್ಕನ ಮಗಳ ಕೈಗೆ ಫೋನ್ ಕೊಟ್ಟೆ. ಎರಡು ಸಲ ಸಂಕ ದಾಟಿಸಿದಳು. ಮೂರನೇ ಸಲ ಬೇಕಂತಲೇ ಬೀಳಿಸಿದಳು. ನೀರಿಗೆ ಬಿದ್ದಾಗ ಗುಳುಂ ಅಂತ ಸದ್ದು ಬರುವ ಹಾಗೆ ಮಾಡಿದ್ದೆ. ಅದನ್ನು ಕೇಳಿ ಮತ್ತೆ ಬೀಳಿಸಿದಳು. ಹನ್ನೊಂದು ಸಲ ಎಣಿಸಿದೆ. ಸಂಕ ದಾಟುವುದು ಆಟ ಕಣೇ ಅಂತ ನಾಲಿಗೆ ತುದಿಗೆ ಬಂದಿತ್ತು, ತಡೆದುಕೊಂಡೆ. ಕೊನೆಗೆ ಅವಳೇ ಕೇಳಿದಳು. "ಮಾಮ, ನೀರೊಳಗೆ ಏನಿದೆ? ಬರೀ ಕಪ್ಪು ಯಾಕೆ?"

ಏನೂ ಇರಲಿಲ್ಲ. ಮುಂದಿನ ಎರಡು ವಾರ ನಾನು ಮಾಡಿದ್ದು ನೀರೊಳಗಿನ ಕೆಲಸವೇ. ಈಗ ಸಂಕದಿಂದ ಬಿದ್ದರೆ ಆಟ ಮುಗಿಯುವುದಿಲ್ಲ, ಹಳ್ಳದ ತಳ ಕಾಣುತ್ತದೆ. ಅಲ್ಲಿ ಕಲ್ಲೇಡಿಗಳಿವೆ, ಸಣ್ಣ ಮೀನುಗಳಿವೆ, ಯಾರದೋ ಕೊಡೆಯ ಕಡ್ಡಿಗಳಿವೆ, ಒಂದು ಒಂಟಿ ಹವಾಯಿ ಚಪ್ಪಲಿಯಿದೆ. ಚಪ್ಪಲಿ ಅವಳ ಐಡಿಯಾ. ಇನ್ನೊಂದು ಕಾಲಿನದು ಎಲ್ಲಿದೆ ಅಂತ ಅವಳು ಇನ್ನೂ ಹೇಳಿಲ್ಲ.