ಕಾರು ರಿಪೇರಿಯವರ ಸ್ಯಾಟರ್ನ್ 5

ಸ್ಟೀವ್ ಈವ್ಸ್ ಅವರ ರಾಕೆಟ್ ವಿಡಿಯೋ ಇವತ್ತು ಮತ್ತೆ ನೋಡಿದೆ. ಅಮೆರಿಕದ ಒಹಾಯೊದವರು, ಕಾರಿನ ಬಾಡಿ ರಿಪೇರಿ ಕೆಲಸ. ಮನುಷ್ಯರನ್ನು ಚಂದ್ರನತ್ತ ಒಯ್ದ ಅಮೆರಿಕದ ಸ್ಯಾಟರ್ನ್ 5 ರಾಕೆಟ್ಟನ್ನು ಹತ್ತನೇ ಒಂದು ಅಳತೆಯಲ್ಲಿ ಕಟ್ಟಿದರು. ಅಷ್ಟಕ್ಕೇ 36 ಅಡಿ ಎತ್ತರ, ಸುಮಾರು 750 ಕೆಜಿ ತೂಕ! 2009ರ ಏಪ್ರಿಲ್ 25ರಂದು ಮೇರಿಲ್ಯಾಂಡಿನ ಹೊಲವೊಂದರಿಂದ ಹಾರಿಸಿದರು. ಇಂಧನ ಉರಿಸಿ ರಾಕೆಟ್ಟನ್ನು ಮೇಲೆ ತಳ್ಳುವ ಒಂಬತ್ತು ಮೋಟಾರು, ಕೆಳಗೆಲ್ಲ ಹೊಗೆ, ಆಮೇಲೆ ಸೀದಾ 4,440 ಅಡಿ ಮೇಲಕ್ಕೆ.

ನನಗೆ ಜಾಸ್ತಿ ಇಷ್ಟ ಅದು ಇಳಿಯುವ ಹೊತ್ತು. ತುದಿ ಮುಟ್ಟಿದ ಮೇಲೆ ಬಿಚ್ಚಿಕೊಂಡು, ದೊಡ್ಡ ದೊಡ್ಡ ಪ್ಯಾರಾಚೂಟ್ ಅರಳಿಸಿ, ತೂಗಾಡುತ್ತಾ ಬರುತ್ತದೆ. ಮೇಲೆ ಕಳಿಸುವುದಕ್ಕಿಂತ ಹುಷಾರಾಗಿ ಇಳಿಸುವುದೇ ಈ ರಾಕೆಟ್ ಹವ್ಯಾಸದ ನಿಜವಾದ ಕೈಚಳಕ ಅಲ್ವಾ? ಅಮೆರಿಕದಲ್ಲಿ ದೊಡ್ಡ ರಾಕೆಟ್ ಮೋಟಾರು ಕೊಳ್ಳಲು ಸರ್ಟಿಫಿಕೇಟ್ ಬೇಕು. ಅದರ ಪರೀಕ್ಷೆಯಲ್ಲೂ ಸುಮ್ನೆ ಹಾರಿದರೆ ಸಾಲದು, ರಾಕೆಟ್ ಹಾಳಾಗದೆ ಇಳಿದರೇನೇ ಪಾಸ್.